ಗುಂಡಿನ ಅಳತೆ ಮತ್ತು ನಮ್ಮಣ್ಣನ ನೌಕರಿ

ಎಂಬತ್ತರ ದಶಕದ ಕೊನಿ. ನನ್ನ ಗಂಡಗ ನಾಶಿಕ್‌ದಾಗ ಬ್ಯಾಂಕಿನ ಕೆಲಸ. ನಮ್ಮಣ್ಣ ಫೌಜಿನಿಂದ ರಿಟೈರ್ ಆಗಿ ಟ್ರಂಕ್ ಹೊತ್ಕೊಂಡು ಸೀದಾ ನಮ್ಮ ಮನಿಗೆ ಬಂದ. "ನೌಕರಿ ಸಿಗೋಮಟ ಇರ್ತೀನವ್ವಾ" ಅಂದ. ತಂಗೀನ್ನ ಕೊಟ್ಟ ಮನ್ಯಾಗ ಅಣ್ಣ ಕುಂತು ಉಣ್ಣೂದು ನಮ್ಮ ಕಡೆ ಮಾನದ ಮಾತಲ್ಲ. ನನ್ನ ಗಂಡ ಒಂದು ದಿನಾನೂ ಮಾರಿ ಗಂಟ್ ಹಾಕಿದವರಲ್ಲ, ಆದ್ರೂ ಅಣ್ಣ ಎರಡನೇ ರೊಟ್ಟಿಗೆ ತಾಟಿನ ಮ್ಯಾಲ ಕೈ ಅಡ್ಡ ಹಿಡೀತಿದ್ದ. ಅವನ ಹೆಂಡ್ತಿ, ಮಗಳು ಜಮಖಂಡಿ ಕಡೆ ಆಕಿ ತವರುಮನ್ಯಾಗ. ಇಲ್ಲೆ ಎರಡು ಖೋಲಿ ಹಿಡಿದು ಅವರನ್ನ ಕರ್ಕೊಂಡು ಬರಬೇಕು, ಮಗಳನ್ನ ಸಾಲಿಗೆ ಹಚ್ಚಬೇಕು. ಅಷ್ಟ ಅವನ ಆಸೆ.

ಊರಾಗಿನ ಒಂದು ಪತಪೇಢಿಗೆ ಕಾವಲುಗಾರ ಬೇಕಾಗಿದ್ದ. ಪತಪೇಢಿ ಅಂದ್ರ ಸಾಲ ಕೊಡೋ ಸಹಕಾರಿ ಸಂಘ. ಅಲ್ಲಿಯ ಚೇರ್ಮನ್ನರು ನನ್ನ ಗಂಡಗ ಪರಿಚಯ. "ಫೌಜಿ ಮನಿಷ್ಯಾ ಅಂದ್ರ ಕಣ್ಣು ಮುಚ್ಚಿ ತಗೋತೀವ್ರಿ. ಹತ್ಯಾರ, ಲೈಸೆನ್ಸ್ ಮಾತ್ರ ಅವರದ ಇರಬೇಕು" ಅಂದ್ರು. ಅಣ್ಣ ಅವತ್ತು ಎರಡನೇ ರೊಟ್ಟಿ ಉಂಡ.

ಅಣ್ಣನ ಕೂಡ ಬಂದೂಕಿನ ಅಂಗಡಿಗೆ ನಾನೂ ಹೋದೆ. ಹೆಂಗಸರು ಹೋಗಬಾರದಂತ ಎಲ್ಲೆರೆ ಬರದೈತೇನು? ಸೇಠ್ ಎರಡು ರೈಫಲ್ ತಗದು ಮುಂದಿಟ್ಟ. ಒಂದು ಹಳೇದು, ಥ್ರೀ ನಾಟ್ ಥ್ರೀ. ಶಿಕಾರಿ ಮಾಡ್ತಿದ್ದ ಯಾವನೋ ಜಮೀನ್ದಾರಂದು; ಅವ ಸತ್ತ ಮ್ಯಾಲ ಮಕ್ಕಳು ತಂದು ಅಂಗಡ್ಯಾಗ ಇಟ್ಟು ಹೋಗಿದ್ರು. ಕಟಿಗಿ ಎಣ್ಣಿ ಹಚ್ಚಿಧಂಗ ನುಣ್ಣಗ. ಇನ್ನೊಂದು ಸರಕಾರಿ ಕಾರಖಾನ್ಯಾಗ ಮಾಡಿದ ಹೊಸಾದು, ಥ್ರೀ ಒನ್ ಫೈವ್. ಕೈ ಆಡಿಸಿದ್ರ ಸಿಬರು ಚುಚ್ಚಬೇಕು, ಅಂಥಾದ್ದು. ಅಣ್ಣ ಹಳೇದನ್ನ ಕೈಯಾಗ ಹಿಡಿದ. ಅಂಥಾದ್ದ ಹಿಡಿದು ಅವ ಫೌಜಿನ್ಯಾಗ ಮೊದಲನೇ ವರ್ಷಗಳನ್ನ ಕಳದಿದ್ದ. ಬೆಲಿ ಕೇಳಿದ್ರ, ಹಳೇದು ಹೊಸಾದರ ಕಾಲು ಭಾಗಕ್ಕೂ ಇಲ್ಲ!

"ಯಾಕ್ರೀ ಸೇಠ್, ಕೆಟ್ಟೈತೇನು?" ಅಂದೆ.

"ಕೆಟ್ಟಿಲ್ಲ ತಾಯಿ. ಅದು ಸರಕಾರ ನಿಷೇಧ ಮಾಡಿದ ಅಳತೀದು. ಫೌಜು-ಪೊಲೀಸರ ಗುಂಡು ಅದರಾಗ ಕುಂದರ್ತಾವಲ್ಲ, ಅದಕ್ಕ. ದಿಲ್ಲಿ ಪರವಾನಗಿ ಬೇಕು. ಯಾರಿಗೂ ಸಿಗೂದಿಲ್ಲ, ಹಂಗಾಗಿ ಯಾರೂ ಕೇಳೂದಿಲ್ಲ. ಈ ಹೊಸಾದರ ಗುಂಡು ಒಂದು ಎಳಿ ದಪ್ಪ. ಇದಕ್ಕ ಕಲೆಕ್ಟರ್ ಕಚೇರಿ ಲೈಸೆನ್ಸ್ ಸಾಕು. ವಿಲಾಯತಿ ಮಾಲು ಬರೂದು ಬಂದ್ ಆಗೇತಿ, ಎಲ್ಲಾರೂ ಇದಕ್ಕ ಮುಗಿಬೀಳ್ತಾರ."

ಎಲಾ ಇವನ! ಸಣ್ಣ ಗುಂಡು ಕಳ್ಳ, ದಪ್ಪ ಗುಂಡು ಸಾಧು! ಫೌಜಿನ ಗುಂಡು ಹೊರಗ ಸೋರಬಾರದು, ಒಪ್ಪಿದೆ. ನಾ ಏನು ಹುಚ್ಚಿ ಅಲ್ಲ. ಆದ್ರ ಜಿಂದಗಿ ಎಲ್ಲಾ ಹಿಮದಾಗ ನಿಂದ್ರಿಸಿ ಇದ ಬಂದೂಕು ಇವನ ಹೆಗಲಿಗೆ ಹಾಕಿದವರು ಯಾರು? ಈಗ ಅದನ್ನ ಮುಟ್ಟಬ್ಯಾಡ ಅನ್ನೋರು ಯಾರು? ಅದ ಸರಕಾರ. ಮ್ಯಾಲ ತಾನ ಮಾಡಿದ ಒರಟು ಮಾಲಿಗೆ ತಾನ ಕಾಯ್ದೆ ಮಾಡಿ ಗಿರಾಕಿ ಹುಟ್ಟಿಸಿಕೊಂಡಿತು. ಉರಿಯೋ ಮನಿಯಾಗ ಗಳ ಹಿರಿಯೂದು ಅಂದ್ರ ಇದ ಅಲ್ಲೇನು?

ಸೇಠ್ ಒಂದು ಬುದ್ಧಿಮಾತು ಹೇಳಿದ. "ಎರಡು ನಳಿಗಿ ಚರಿ ಬಂದೂಕು, ಡಬಲ್ ಬ್ಯಾರಲ್, ತಗೋರಿ ಫೌಜಿ ಸಾಬ್. ಸೋವಿ, ಲೈಸೆನ್ಸೂ ಲಗೂ ಆಗತೈತಿ, ಕಾವಲಿನವರೆಲ್ಲಾ ಅದನ್ನ ಒಯ್ತಾರ."

ಅಣ್ಣನ ಮಾರಿ ಕೆಂಪಾತು. "ಕಾಗಿ ಹೊಡಿಯೋ ಸಾಮಾನು ಹಿಡ್ಕೊಂಡು ನಿಂದ್ರಲೇನು? ಸಿಪಾಯಿಗೆ ರೈಫಲ್ಲ ಬೇಕು." ಫೌಜಿನ್ಯಾಗ ಇದ್ದವಗ ಮಾತ್ರ ಆಗೋ ತಪ್ಪು ಅದು. ನಾನೂ "ಹೂಂ" ಅಂದೆ, ನನಗೇನು ಗೊತ್ತು? ರೈಫಲ್ ಅಂತ ಅರ್ಜಿ ಹಾಕಿದ, ತಿಂಗಳುಗಟ್ಟಲೆ ಓಡ್ಯಾಡಿ ಲೈಸೆನ್ಸ್ ತಗೊಂಡ, ಫೌಜು ಕೊಟ್ಟ ಗಂಟೆಲ್ಲಾ ಸುರುವಿ ಆ ಒರಟು ಥ್ರೀ ಒನ್ ಫೈವ್ ಕೊಂಡ್ಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಪತಪೇಢಿಗೆ ಹೋದ.

ಅರ್ಧ ತಾಸಿನ್ಯಾಗ ಹೊಳ್ಳಿ ಬಂದ. ಚೇರ್ಮನ್ನರು ನಮಸ್ಕಾರ ಮಾಡಿ, ಚಾ ಕುಡಿಸಿ, ಕಳಿಸಿದ್ರಂತ. ರೈಫಲ್ ನಡಿಯೂದಿಲ್ಲ, ಅದರ ಗುಂಡು ಗ್ವಾಡಿ ದಾಟಿ ಬಾಜೂ ಮನ್ಯಾಗಿನವರಿಗೆ ತಾಗತೈತಿ, ಡಬಲ್ ಬ್ಯಾರಲ್ ಅಷ್ಟ ಬೇಕಂತ. ಮಾತು ಖರೆ ಇರಬಹುದು. ಮೊದಲ ಹೇಳಾಕ ಬಾಯಾಗೇನು ಕಡುಬು ಇತ್ತು? ಲೈಸೆನ್ಸಿನ್ಯಾಗ ರೈಫಲ್ ತಗದು ಡಬಲ್ ಬ್ಯಾರಲ್ ಮಾಡ್ರಿ ಅಂದ್ರ ಕಲೆಕ್ಟರ್ ಕಚೇರಿಯವರು "ಹೊಸಾ ಅರ್ಜಿ ಹಾಕ್ರಿ" ಅಂದ್ರು. ಅದು ಆಗೋದ್ರಾಗ ಆ ಜಾಗಾಕ್ಕ ಬ್ಯಾರೆ ಯಾರೋ ಬಂದು ನಿಂತಿದ್ದ.

ಅಣ್ಣ ಮಾರಾಕ ಇಟ್ಟ ರೈಫಲ್ ಕೊಳ್ಳಾಕ ದಿಂಡೋರಿಯಿಂದ ಒಬ್ಬ ದ್ರಾಕ್ಷಿ ತ್ವಾಟದ ಸಾಹುಕಾರ ಬಂದ. ಲೈಸೆನ್ಸ್ ಅವನ ಕಡೆ ಮೊದಲ ಇತ್ತು, ಸಿಗದ ಇದ್ದದ್ದು ಮಾಲು. ಏನು ಬೇಟಿ ಆಡ್ತೀರಿ ಅಂದ್ರ ನಕ್ಕ. "ಬೇಟಿ ಎಲ್ಲೀದ್ರಿ, ಮನ್ಯಾಗ ರೈಫಲ್ ಇದ್ರ ವಜನ್ ಇರತೈತಿ. ಡಬಲ್ ಬ್ಯಾರಲ್ ಈಗ ವಾಚಮನ್ನರೂ ಹಿಡೀತಾರ." ಅಣ್ಣ ರೈಫಲ್ ಅವನಿಗೆ ಕೊಟ್ಟ, ತನ್ನ ಲೈಸೆನ್ಸ್ ಕಚೇರಿಗೆ ಹೊಳ್ಳಿ ಕೊಟ್ಟ. ನಿಂದ್ರಾಕ ಬೇಕಾದವಗ ಉಪಯೋಗ ಇಲ್ಲ, ಗ್ವಾಡಿಗೆ ತೂಗ ಹಾಕೋವಗ ಬೇಕು!

ನನ್ನ ಗಂಡಗ ಔರಂಗಾಬಾದಿಗೆ ವರ್ಗ ಆತು. ಈಗ ಅದಕ್ಕ ಛತ್ರಪತಿ ಸಂಭಾಜಿನಗರ ಅಂತಾರ. ಅಣ್ಣನೂ ನಮ್ಮ ಕೂಡ ಬಂದ; ಡಬಲ್ ಬ್ಯಾರಲ್ ಅರ್ಜಿ ನಾಶಿಕ್ ಕಚೇರ್ಯಾಗ ಹಂಗ ಉಳೀತು. ಚಿಕಲಠಾಣಾದ ಒಂದು ಕಾರಖಾನಿ ಗೇಟಿಗೆ ಲಾಠಿ ಹಿಡ್ಕೊಂಡು ನಿಂತ. ಹತ್ಯಾರ ಇದ್ದವರ ಪಗಾರ ಬ್ಯಾರೆ, ಲಾಠಿಯವರ ಪಗಾರ ಬ್ಯಾರೆ. ಇವನ ಪಗಾರದಾಗ ಎರಡು ಖೋಲಿ ಆಗಲಿಲ್ಲ. ಹೆಂಡ್ತಿ, ಮಗಳು ಜಮಖಂಡಿ ಕಡೇನ ಉಳದ್ರು, ಅವ ನಮ್ಮ ಮನ್ಯಾಗ.

ಒಂದು ಪಗಾರದ ದಿನ ನಾ ಬುತ್ತಿ ಡಬ್ಬಿ ತಗೊಂಡು ಗೇಟಿಗೆ ಹೋಗಿದ್ದೆ. ರೊಕ್ಕದ ಗಾಡಿ ಬಂದು ನಿಂತಿತ್ತು. ಅದರ ಕಾವಲಿನ ಹುಡುಗ ಇಳದ. ಫೌಜಿನ ಬಾಗಿಲಾನೂ ನೋಡಿದವ ಅಲ್ಲ, ಡಬಲ್ ಬ್ಯಾರಲ್ ಕೊಂಡು ನೌಕರಿ ಹಿಡದವ. ಬಂದೂಕು ಅಣ್ಣನ ಮುಂದ ಚಾಚಿದ. "ಜರಾ ಹಿಡ್ಕೋ ಮಾಮಾ, ಚಾ ಕುಡಿದು ಬರ್ತೀನಿ."

ಅಣ್ಣ ಒಂದು ಹೆಜ್ಜಿ ಹಿಂದ ಸರದು ಎರಡೂ ಕೈ ಬೆನ್ನ ಹಿಂದ ಕಟ್ಟಿದ. "ಬ್ಯಾಡಪಾ. ನನ್ನ ಹೆಸರಿಲೆ ಲೈಸೆನ್ಸ್ ಇಲ್ಲ. ಮುಟ್ಟಿದ್ರ ಗುನ್ಹೆ ಆಗತೈತಿ."

ಹುಡುಗ ನಕ್ಕ. "ಯಾಕ ಮಾಮಾ, ಬಂದೂಕಂದ್ರ ಹೆದರಿಕಿ?"

ನಾ ಬಾಯಿ ತಗಿಯೋದ್ರಾಗ ಅಣ್ಣ ನನ್ನ ಕಡೆ ನೋಡಿ ಸುಮ್ಮನಿರು ಅಂತ ಕಣ್ಣು ಮಾಡಿದ. ಆಮ್ಯಾಲ ಹುಡುಗನ ಕಡೆ ಹೊಳ್ಳಿ, "ಹೂನಪಾ, ಹೆದರಿಕಿ" ಅಂದ.