ಒಳಗೆ ಅಡ್ಡ, ಹೊರಗೆ ಉದ್ದ

ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತರೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಕಾರಿನ ಗಾಜು ನೆನಪಾಗುತ್ತದೆ. ನಗಬೇಡಿ, ತಪ್ಪು ನನ್ನದಲ್ಲ, ಸಿರ್ಕಾದ್ದು. ಈಗಿನವರು ವಿನೆಗರ್ ಎನ್ನುವ ಆ ಹುಳಿ ನೀರನ್ನು ಗೋಬಿಯವನು ಕಾದ ಬಾಣಲೆಗೆ ಸುರಿದು, ಅದು ಚುಂಯ್ ಎಂದು ಆವಿಯಾಗಿ ಮೂಗಿಗೆ ಬಡಿದರೆ ಸಾಕು, ನಾನು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ಮೂಡಲಗಿಯ ಒಂದು ಬೇವಿನ ಗಿಡದ ಕೆಳಗೆ ನಿಂತುಬಿಡುತ್ತೇನೆ. ಇವತ್ತು ಸಂಜೆಯೂ ಹಾಗೇ ಆಯಿತು.

ಆಗ ನಾನು ವಿಜ್ಞಾನದ ಹೊಸ ಶಿಕ್ಷಕಿ. ತವರು ಹುಕ್ಕೇರಿ, ನೌಕರಿ ಮೂಡಲಗಿ. ಮಕ್ತುಮಸಾಬ ಕಾಕಾ ಅವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಅವರದು ತಲೆತಲಾಂತರದಿಂದ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ. ಮನೆಮನೆಗೂ ಸ್ಟೀಲು ಬಂದು ಕಲಾಯಿಯನ್ನು ಕೇಳುವವರು ಕಡಿಮೆಯಾದಾಗ, ಕಾಕಾ ತಮ್ಮ ಬಾಲ್ಯದ ಗೆಳೆಯ ಭೀಮಪ್ಪ ಕಾಕಾ ಅವರನ್ನು ಜೊತೆಗೂಡಿಸಿಕೊಂಡು ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡಿದ್ದರು. ಭೀಮಪ್ಪ ಕಾಕಾ ಒಕ್ಕಲುತನದವರು, ಊರ ಪಕ್ಕದಲ್ಲೇ ಹೊಲ. ಡ್ರೈವಿಂಗ್ ಅವರಿಗೆ ಬರುತ್ತಿತ್ತು, ಗಿರಾಕಿಗಳ ಜೊತೆ ಮಾತು ಮಕ್ತುಮಸಾಬ ಕಾಕಾಗೆ ಬರುತ್ತಿತ್ತು. ಮದುವೆ, ನಿಶ್ಚಯ, ಗೋಕಾಕದ ಕೋರ್ಟು, ಆಸ್ಪತ್ರೆ ಎಲ್ಲದಕ್ಕೂ ಸುತ್ತಲಿನವರು ಕರೆಯುತ್ತಿದ್ದುದು ಅದೇ ಗಾಡಿಯನ್ನು.

ಅದಕ್ಕಿಂತ ಹೊಸ ಗಾಡಿಗಳು ಊರಲ್ಲಿ ಇರಲಿಲ್ಲವೆಂದಲ್ಲ. ಆದರೆ ಅದರ ಗಾಜಿನಂಥ ಗಾಜು ಇರಲಿಲ್ಲ. ನೊಣ ಕೂಡ ಗಾಜಿದೆ ಎಂದು ತಿಳಿಯದೆ ಬಂದು ಬಡಿದುಕೊಳ್ಳುತ್ತಿತ್ತು. ಕಲಾಯಿ ಹಾಕಿದ ಪಾತ್ರೆಯಲ್ಲಿ ತನ್ನ ಮುಖ ಕಾಣದಿದ್ದರೆ ಮತ್ತೊಮ್ಮೆ ಒಲೆಗಿಡುವ ಮನುಷ್ಯ ಮಕ್ತುಮಸಾಬ ಕಾಕಾ. ಗಾಜಿನ ವಿಷಯದಲ್ಲಿ ಸುಮ್ಮನಿರುತ್ತಾರೆಯೇ? ದಿನಾ ಬೆಳಗ್ಗೆ ಬಿಸಿಲು ಬೀಳುವ ಮೊದಲೇ ಗಾಡಿಯನ್ನು ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಬೇಕು. ಬಿಸಿಲಲ್ಲಿ ಒರೆಸಿದರೆ ನೀರು ಅಲ್ಲಲ್ಲೇ ಆರಿ ಗೆರೆ ಕೂರುತ್ತದೆ. ಮೊದಲು ಬರೀ ನೀರು ಸುರಿಯಬೇಕು, ಯಾಕೆಂದರೆ ಕಬ್ಬಿನ ಹಂಗಾಮಿನಲ್ಲಿ ಹೊಲದ ರವದಿ, ಅಂದರೆ ಕಬ್ಬಿನ ಒಣ ಸೋಗೆ, ಸುಟ್ಟ ಕರಿ ಬೂದಿ ಹಾರಿ ಬಂದು ಕೂತಿರುತ್ತದೆ. ಒಣ ಬಟ್ಟೆ ಮುಟ್ಟಿಸಿದಿರೋ ಕಾಡಿಗೆ ಹಚ್ಚಿದಂತೆ. ಆಮೇಲೆ ಬೆಚ್ಚಗಿನ ನೀರಿಗೆ ಒಂದು ಮುಚ್ಚಳ ಸಿರ್ಕಾ, ಅದರಲ್ಲಿ ಹಿಂಡಿದ ಒಂದು ಬಟ್ಟೆ. ಅದರ ಬೆನ್ನಿಗೇ, ನೂರು ಸಲ ತೊಳೆದು ಮೆತ್ತಗಾದ ಧೋತರದ ಒಣ ತುಂಡು. ಕೊನೆಗೆ ಹಳೆಯ ಪೇಪರು.

ಒಮ್ಮೆ ನಾನು ಉಪಕಾರ ಮಾಡಲು ಹೋಗಿ ಸೋಪಿನ ಪುಡಿ ತಂದುಕೊಟ್ಟೆ. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು.

"ಅಕ್ಕೋರ, ಸಾಬಣ ಹಚ್ಚಬಾರದರಿ. ಸಾಬಣ ಹಚ್ಚಿದ ಗಾಜ ಬಿಸಲಿಗಿ ಬಂದ ಕೂಡಲೆ ಅಳಾಕ ಚಾಲೂ ಮಾಡತೈತಿ. ಮತ್ತ ಪೇಪರೂ ಇವತ್ತಿಂದ ಬ್ಯಾಡ. ಹ್ವಾದ ತಿಂಗಳದು ಇದ್ರ ಕೊಡ್ರಿ, ಹೊಸಾ ಪೇಪರಿನ ಮಸಿ ಕೈಗೆ ಹತ್ತತೈತಿ."

ಕೆಲಸ ಹಂಚಿಕೆಯಾಗಿತ್ತು. ಮಕ್ತುಮಸಾಬ ಕಾಕಾ ಹೊರಗೆ, ಭೀಮಪ್ಪ ಕಾಕಾ ಒಳಗೆ. ಒಂದೇ ಗಾಜಿನ ಎರಡು ಕಡೆ ಇಬ್ಬರ ಮುಖ ಎದುರುಬದುರು. ಗೆರೆ ಉಳಿದಿದೆ ಎಂದು ಒಬ್ಬರು ಬೆರಳಿನಿಂದ ಟಕ್ ಟಕ್ ಎಂದು ಬಡಿದು ತೋರಿಸುವುದು, ಇನ್ನೊಬ್ಬರು ಇಲ್ಲವೆನ್ನುವುದು.

"ಲೇ ಭೀಮ್ಯಾ, ನಿನ್ನ ಕಡೆ ಐತೋ ಅದು."

"ಹೋಗಲೇ, ನಿನ್ನ ಕಡೆ ಐತಿ. ಕನ್ನಡಕ ಹಾಕ್ಕೋ."

ಶಾಲೆಗೆ ಹೊರಡುವ ಮೊದಲು ನಾನು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತು ಇದನ್ನು ನೋಡುತ್ತಿದ್ದೆ. ಹೊಸ ಊರು, ಮಾತಾಡಿಸುವವರಿಲ್ಲ ಎಂಬ ನನ್ನ ಬೇಸರವೆಲ್ಲ ಆ ಜಗಳ ನೋಡುವುದರಲ್ಲೇ ಕಳೆದುಹೋಯಿತು. ನಿಜ ಹೇಳುತ್ತೇನೆ, ಅವರಿಬ್ಬರನ್ನೂ ನಾನು ಬಹಳ ಹಚ್ಚಿಕೊಂಡಿದ್ದೆ.

ಹೀಗಿರುವಾಗ ಒಂದು ಶನಿವಾರ ಕಲ್ಲೋಳಿಯ ಇಬ್ಬರು ಹೆಣ್ಣುಮಕ್ಕಳು ನಿಶ್ಚಯಕ್ಕೆಂದು ಹುಕ್ಕೇರಿಗೆ ಗಾಡಿ ಹೇಳಿದ್ದರು. ನನಗೂ ತವರಿಗೆ ಹೋಗುವುದಿತ್ತು. "ಮುಂದಿನ ಸೀಟ ಖಾಲಿನ ಐತಿ, ಬರ್ರಿ ಅಕ್ಕೋರ" ಎಂದರು ಭೀಮಪ್ಪ ಕಾಕಾ. ಮಕ್ತುಮಸಾಬ ಕಾಕಾ ಊರಲ್ಲೇ ಉಳಿದರು. ಗೋಕಾಕದಲ್ಲಿ ಆ ಹೆಣ್ಣುಮಕ್ಕಳು ಬೀಗರಿಗೆಂದು ಕರದಂಟು ಕಟ್ಟಿಸಿಕೊಂಡು, ನನ್ನ ಕೈಗೂ ಎರಡು ತುಂಡು ಇಟ್ಟರು. ಗೋಕಾಕದ ಕರದಂಟು ತಿಂದವರಿಗೆ ಹೇಳಬೇಕಿಲ್ಲ, ತಿಂದು ಮುಗಿಸಿದ ಮೇಲೂ ತುಪ್ಪ ಬೆರಳು ಬಿಡುವುದಿಲ್ಲ.

ಗೋಕಾಕ ದಾಟಿ ಸ್ವಲ್ಪ ದೂರ ಹೋಗಿರಬೇಕು. ಬಲಗಡೆ ಹೊಲದ ಬದುವಿನ ಮೇಲೆ ಒಂದು ನವಿಲು ಗರಿ ಬಿಚ್ಚಿ ನಿಂತಿತ್ತು. "ಅಕೋ ಕಾಕಾ, ನೋಡ್ರಿ!" ಎಂದು ಕೈ ಚಾಚಿದವಳು ಕಾಕಾ ಅವರ ಎದುರಿನ ಗಾಜಿಗೇ ಐದೂ ಬೆರಳು ಊರಿಬಿಟ್ಟೆ. ತುಪ್ಪದ ಐದು ಗುರುತು. ಆ ಗಾಜಿನ ಮೇಲೆ! ಕಾಕಾ ಗಾಡಿ ನಿಧಾನ ಮಾಡಿ, ಬಲಕ್ಕೆ ತಿರುಗಿ ನವಿಲು ನೋಡುತ್ತಿದ್ದಾಗ ನಾನು ಅವಸರದಲ್ಲಿ ಸೆರಗಿನ ತುದಿ ಹಿಡಿದು ಒರೆಸಿದೆ. ಗುರುತು ಮಾಯವಾಯಿತು. ಸದ್ಯ, ಬದುಕಿದೆ ಅಂದುಕೊಂಡೆ.

ಹುಕ್ಕೇರಿ ದಾರಿಯಲ್ಲಿ ಸಂಜೆಯ ಸೂರ್ಯ ನೇರ ಎದುರಿಗೇ ಇಳಿಯುತ್ತಾನೆ. ಒಂದು ತಿರುವು ದಾಟಿದ್ದೇ ತಡ, ಬಿಸಿಲು ಗಾಜಿನ ಮೇಲೆ ಬಿತ್ತು. ನಾನು ಒರೆಸಿದ್ದೆನಲ್ಲ, ಅಷ್ಟೂ ಜಾಗ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಮುಂದೆ ನಿಂತಿದ್ದ ಕಬ್ಬಿನ ಟ್ರೇಲರ್ ಕಾಕಾಗೆ ಕಾಣಲೇ ಇಲ್ಲ. ಕಂಡಾಗ ಬ್ರೇಕ್ ಒತ್ತಿದರು. ಹೊರಚಾಚಿದ ಕಬ್ಬು ಬಡಿದು ಒಂದು ಹೆಡ್‌ಲೈಟು ಒಡೆಯಿತು, ಬಾನೆಟ್ಟಿನ ಮೂತಿ ಸೊಟ್ಟಗಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸೋಮವಾರ ನಾನು ತಿರುಗಿ ಬರುವಷ್ಟರಲ್ಲಿ ಗಾಜು ಮತ್ತೆ ಫಳಫಳ ಹೊಳೆಯುತ್ತಿತ್ತು. ಜಗಳವೂ ಹೊತ್ತಿಕೊಂಡಿತ್ತು.

"ಹೊರಗಿನ ಗಾಜ ನೀ ನೆಟ್ಟಗ ಒರಸಿರಲಿಲ್ಲ. ಬಿಸಲ ಬಿದ್ದ ಕೂಡಲೆ ಕಣ್ಣ ಮುಂದ ಏನೂ ಕಾಣಲಿಲ್ಲ ನನಗ."

"ಹನ್ನೆರಡು ವರ್ಸದಾಂವ ಇದ್ದಾಗಿಂದ ಕಲಾಯಿ ಹಾಕಿದ ಕೈ ಇದು, ಭೀಮ್ಯಾ. ನನ್ನ ಕಡೆ ಗೆರಿ? ಒಳಗ ಕುಂತ ನೀ ಬೀಡಿ ಸೇದ್ತಿ, ಅದರ ಹೊಗಿ ಅದು."

ಮಾತಿಗೆ ಮಾತು ಬೆಳೆಯಿತು. ಒಬ್ಬರಿಗೆ ಕೈಕೆಲಸದ ಮರ್ಯಾದೆ, ಇನ್ನೊಬ್ಬರಿಗೆ ಡ್ರೈವಿಂಗಿನ ಮರ್ಯಾದೆ. "ಹಂಗಾರ ಮಾರಿಬಿಡೂಣು ಗಾಡಿ" ಎಂದರು ಒಬ್ಬರು. "ಮಾರು" ಎಂದರು ಇನ್ನೊಬ್ಬರು. ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆದೆ. ಹೇಳಬೇಕಾದ್ದು ಒಂದೇ ಸಾಲು. ಆದರೆ ಬಾಯಿಂದ ಬಂದದ್ದು, "ಚಹಾ ಆತೇನ್ರಿ ಕಾಕಾ?"

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೆದರಿಕೆ. ಬಾಡಿಗೆ ಮನೆಯ ಹೆದರಿಕೆ ಒಂದು ಪಾಲಾದರೆ, "ಅಕ್ಕೋರ" ಎಂದು ಕರೆಸಿಕೊಳ್ಳುವ ಶಿಕ್ಷಕಿಯ ಜಂಬ ಹೋದೀತೆಂಬ ಹೆದರಿಕೆ ಮೂರು ಪಾಲು. ಅದೇ ವಾರ ಶಾಲೆಯಲ್ಲಿ ಥರ್ಮಾಮೀಟರ್ ಒಡೆದವರು ಯಾರೆಂದು ಒಪ್ಪಿಕೊಳ್ಳುವ ತನಕ ಇಡೀ ಎಂಟನೆಯ ತರಗತಿಯನ್ನು ನಿಲ್ಲಿಸಿ, ಸತ್ಯದ ಬಗ್ಗೆ ಅರ್ಧ ತಾಸು ಭಾಷಣ ಮಾಡಿದವಳು ನಾನೇ.

ಮುಂದಿನ ಮೂರು ವಾರ ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾರುವ ಗಾಡಿಯಾದರೂ ಹೊಲಸು ಕಾಣಬಾರದೆಂದು ಇಬ್ಬರೂ ದಿನಾ ಬೆಳಗ್ಗೆ ಒರೆಸಲು ಬರುತ್ತಿದ್ದರು. ಒಬ್ಬರು ಒಳಗೆ, ಒಬ್ಬರು ಹೊರಗೆ, ನಡುವೆ ಒಂದು ಗೇಣು ಅಂತರ. ಮಾತಿಲ್ಲ, ಬೆರಳಿನ ಟಕ್ ಟಕ್ ಮಾತ್ರ. ಏನಾದರೂ ಹೇಳುವುದಿದ್ದರೆ ಕಟ್ಟೆಯ ಮೇಲಿನ ನಾನೇ ಅಂಚೆ.

"ಅಕ್ಕೋರ, ಒಳಗಿನವರಿಗೆ ಹೇಳ್ರಿ, ಮ್ಯಾಲಿನ ಮೂಲ್ಯಾಗ ಗೆರಿ ಉಳದೈತರಿ ಅಂತ."

"ಹೊರಗಿನವರಿಗೆ ಹೇಳ್ರಿ, ಅದು ತಮ್ಮದರಿ ಅಂತ."

ಲೇ, ಹೋಗಲೇ ಎಂದು ಬೈದಾಡಿಕೊಂಡೇ ಮುದುಕರಾಗುತ್ತಿದ್ದವರು ಹೀಗೆ ಮರ್ಯಾದೆ ಕೊಟ್ಟು ಮಾತಾಡುವುದನ್ನು ಕೇಳಲಾಗುತ್ತಿರಲಿಲ್ಲ. ಆಗ ನಾನೇನು ಮಾಡಿದೆ ಗೊತ್ತೇ? ತಪ್ಪು ಒಪ್ಪಿಕೊಳ್ಳುವ ಬದಲು ವಿಜ್ಞಾನ ಹೇಳಿದೆ. "ಕಾಕಾ, ಒಳಗಿನವರು ಅಡ್ಡ ಒರಸ್ರಿ, ಹೊರಗಿನವರು ಮ್ಯಾಲಿಂದ ಕೆಳಗ ಉದ್ದ ಒರಸ್ರಿ. ಅಡ್ಡ ಗೆರಿ ಕಂಡ್ರ ಒಳಗಿಂದು, ಉದ್ದ ಗೆರಿ ಕಂಡ್ರ ಹೊರಗಿಂದು. ಜಗಳನ ಇಲ್ಲ."

ಉಪಾಯ ಚೆನ್ನಾಗಿತ್ತು, ಇವತ್ತಿಗೂ ಚೆನ್ನಾಗಿದೆ, ಬೇಕಾದರೆ ನಿಮ್ಮ ಕಾರಿಗೆ ಮಾಡಿ ನೋಡಿ. ಹುಡುಕುವ ಕೆಲಸವಿಲ್ಲದೆ ಗಾಜು ಅರ್ಧ ಹೊತ್ತಿನಲ್ಲಿ ಶುಭ್ರವಾಗತೊಡಗಿತು. ಆದರೆ ಅದರಿಂದ ಟಕ್ ಟಕ್ ಕೂಡ ನಿಂತಿತು. ಯಾರ ಗೆರೆ ಎಂದು ಕಣ್ಣಿಗೇ ಕಾಣುವಾಗ ಬಡಿದು ತೋರಿಸುವುದೇನು? ಅವರ ನಡುವೆ ಉಳಿದಿದ್ದ ಅಷ್ಟು ಸಂಬಂಧವನ್ನೂ ನನ್ನ ಬುದ್ಧಿವಂತಿಕೆ ಒರೆಸಿ ಹಾಕಿತ್ತು.

ನಿಡಸೋಸಿಯಿಂದ ಒಬ್ಬರು ಭಾನುವಾರ ಗಾಡಿ ನೋಡಲು ಬರುತ್ತಾರೆ ಎಂದು ಗೊತ್ತಾಯಿತು. ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಪ್ರಾಯಶ್ಚಿತ್ತವೆಂಬಂತೆ ಗಾಡಿಯ ಅಷ್ಟೂ ಗಾಜು ನಾನೇ ಒರೆಸಿದೆ. ಸಿರ್ಕಾ, ಬೆಚ್ಚಗಿನ ನೀರು, ಹಳೆಯ ಪೇಪರು, ಎಲ್ಲ ಕ್ರಮಪ್ರಕಾರ. ಕಾಕಾಗಳಿಬ್ಬರೂ ಬಂದು ನೋಡಿ, ಇನ್ನೊಬ್ಬ ಆಗಲೇ ಒರೆಸಿದ್ದಾನೆ ಅಂದುಕೊಂಡು ಮುಖ ತಿರುವಿ ನಿಂತರು.

ಗಿರಾಕಿ ಬಂದಾಗ ಬಿಸಿಲು ಏರಿತ್ತು. ಅವರು ಗಾಡಿಯನ್ನು ಗಿಡದ ನೆರಳಿನಿಂದ ಹೊರಗೆ ತೆಗೆಸಿ ಒಂದು ಸುತ್ತು ಹಾಕಿದರು. ಎದುರಿನ ಗಾಜಿನ ಮುಂದೆ ನಿಂತು ತಲೆ ಅಲ್ಲಾಡಿಸಿದರು.

"ಗಾಜ ಪೂರಾ ಗೀಚಿದಂಗ ಆಗೇತಲ್ರಿ. ಇದನ್ನ ಬದಲಿ ಮಾಡಬೇಕಾಗತೈತಿ."

"ನಮ್ಮ ಗಾಜಿಗೆ ಹೆಸರ ಇಡ್ತೀರೇನ್ರಿ?" ಇಬ್ಬರು ಕಾಕಾಗಳೂ ಒಂದೇ ಉಸಿರಿನಲ್ಲಿ ಅಂದರು. ಮೂರು ವಾರದಲ್ಲಿ ಅವರು ಕೂಡಿ ಆಡಿದ ಮೊದಲ ಮಾತು ಅದು. ಇಬ್ಬರೂ ಧಾವಿಸಿ ಬಂದು ಗಾಜಿಗೆ ಮೂಗು ಹಚ್ಚಿದರು. ಮಕ್ತುಮಸಾಬ ಕಾಕಾ ಹೇಳಿದರು, "ಉದ್ದ ಇಲ್ಲ. ನಂದಲ್ಲ."

"ಅಡ್ಡಾನೂ ಇಲ್ಲ" ಎಂದರು ಭೀಮಪ್ಪ ಕಾಕಾ. "ಗುಂಡಗ ಐತಿ. ಇದು ರೊಟ್ಟಿ ಬಡಿಯೋರ ಕೈ."

ಹೌದು. ಹಂಚಿನ ಮೇಲಿನ ರೊಟ್ಟಿಗೆ ಬಟ್ಟೆಯಿಂದ ನೀರು ಸವರುವುದು ಗುಂಡಗೆ. ಹತ್ತು ವರ್ಷದವಳಿದ್ದಾಗಿನಿಂದ ಆ ಕೆಲಸ ಮಾಡಿದ ನನ್ನ ಕೈಗೆ ಒರೆಸುವುದೆಂದರೆ ಗುಂಡಗೆ ಒರೆಸುವುದು, ಅದು ಬೆಂಚಾದರೂ ಸರಿ, ಗಾಜಾದರೂ ಸರಿ. ಭೀಮಪ್ಪ ಕಾಕಾ ಗಾಜನ್ನೇ ನೋಡುತ್ತ ನಿಂತರು. "ಅವತ್ತೂ ಹಿಂಗ ಇತ್ತು," ಎಂದರು ಮೆಲ್ಲಗೆ, "ಬಿಸಲ ಬಿದ್ದಾಗ ಗುಂಡಗ ಕಂಡಿತ್ತು ನನಗ." ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

ಬೆಳಗ್ಗೆ ಒರೆಸಿದ ಬಟ್ಟೆ ಇನ್ನೂ ನನ್ನ ಪಕ್ಕದ ಕಟ್ಟೆಯ ಮೇಲೇ ಇತ್ತು. ಹೇಳಿದೆ. ನವಿಲು, ತುಪ್ಪ, ಸೆರಗು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು.

"ಮೊದಲ ಹೇಳಾಕ ಏನಾಗಿತ್ತರಿ ನಿಮಗ?" ಭೀಮಪ್ಪ ಕಾಕಾ ಗುಡುಗಿದರು. "ಮೂರು ವಾರ ಇಂವನ ಮಾರಿ ನೋಡದ ಕುಂತೇನಿ ನಾ!"

"ಅಷ್ಟ ಅಲ್ಲೋ ಭೀಮ್ಯಾ, ನಿನಗ 'ರಿ' ಹಚ್ಚಿ ಮಾತಾಡೇನಲ್ಲೋ ನಾನು. ಆ ಪಾಪ ಯಾರಿಗಿ?"

ಇಬ್ಬರೂ ಸರದಿ ಹಾಕಿದಂತೆ ನನ್ನನ್ನು ಬೈದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಅಷ್ಟು ಚಂದದ ಬೈಗುಳ ನಾನು ಆಮೇಲೆ ಎಂದೂ ತಿಂದಿಲ್ಲ. ಗಿರಾಕಿ ನಡುವೆ ಬಾಯಿ ಹಾಕಿ, "ಗಾಡಿ ಕೊಡೋದೈತೋ ಇಲ್ಲೋ?" ಎಂದು ಕೇಳಿದರು.

"ಯಾವ ಗಾಡಿ?" ಎಂದರು ಇಬ್ಬರೂ.

ಗಾಡಿ ಮಾರಲಿಲ್ಲ. ನನ್ನನ್ನು ಖೋಲಿಯಿಂದ ಬಿಡಿಸಲೂ ಇಲ್ಲ. ಶಿಕ್ಷೆಯೆಂದು ಪ್ರತಿ ಭಾನುವಾರ ಹಿಂದಿನ ಗಾಜು ಒರೆಸುವ ಕೆಲಸ ನನಗೆ ಬಂತು, ಒಳಗೆ ಅಡ್ಡ, ಹೊರಗೆ ಉದ್ದ. ಕೈ ಗುಂಡಗೆ ತಿರುಗಿದರೆ ಮುಂದಿನ ಗಾಜಿನ ಕಡೆಯಿಂದ ಟಕ್ ಟಕ್ ಕೇಳುತ್ತಿತ್ತು. ಮುಂದಿನ ವರ್ಷವೇ ನನಗೆ ವರ್ಗವಾಯಿತು. ಇವತ್ತು ಇಬ್ಬರೂ ಮಾಗಿದ ಮುದುಕರು. ಗಾಡಿ ಹೋಗಿ ಎಷ್ಟೋ ವರ್ಷವಾಯಿತು, ಜಗಳ ಸುಖವಾಗಿದೆ.

ಇಷ್ಟೆಲ್ಲ ನಿಮಗೇಕೆ ಹೇಳಿದೆನೆಂದರೆ, ಗೋಬಿ ಬರೀ ನೆಪ. ಮಂಗಳವಾರ ನಾನು ನಮ್ಮ ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿಗೆ ಉಜ್ಜಿ ಬಾಗಿಲಿನ ಬಣ್ಣ ಕಿತ್ತೆ. ಅದು ಬಾಜೂ ಮನೆಯವರ ಆಟೋ ತಾಗಿ ಆದದ್ದೆಂದು ನಮ್ಮ ಮನೆಯವರು ತಾವೇ ತೀರ್ಮಾನಿಸಿ, ಹೋಗಿ ಜಗಳ ಮಾಡಿ, ನಾಲ್ಕು ದಿನದಿಂದ ಆ ಮನೆಯ ಜೊತೆ ಮಾತು ಬಿಟ್ಟಿದ್ದಾರೆ. ಆ ಆಟೋದವರು ಅಷ್ಟು ಹೇಳಿದರು, ನಮ್ಮದಲ್ಲರಿ ಎಂದು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ಮನೆಯವರಿಗೆ ಈಗ ಈ ಗೋಬಿ ಗಾಡಿಯ ಮುಂದೆ ನಿಂತೇ ಫೋನ್ ಮಾಡಿ ಹೇಳಿದೆ. "ಹಂಗಾರ ಅವರ ಮನಿಗೆ ಹೋಗಿ ನೀನ ಹೇಳಬೇಕು" ಎಂದರು. "ಹೇಳ್ತೀನ್ರಿ" ಎಂದೆ. ಆಗ ಮೂರು ವಾರ ಬೇಕಾಗಿತ್ತು, ಈ ಸಲ ನಾಲ್ಕೇ ದಿನ. ಇಪ್ಪತ್ತೈದು ವರ್ಷದಲ್ಲಿ ನಾನು ಸುಧಾರಿಸಿರುವುದು ಇಷ್ಟು. ದಾರಿ ಬಿಡಿ, ಹೊರಡುತ್ತೇನೆ. ಆಟೋದವರು ಹೊರಗೆ ಹೋಗುವ ಮೊದಲು ಅವರ ಬಾಗಿಲು ಬಡಿಯಬೇಕು.