ವೈಫೈ ಬಂದ ಮಧ್ಯಾಹ್ನ

ನನ್ನ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು! ಅದೂ ದಾವಣಗೆರೆಯಲ್ಲಿ, ಸರ್ಕಾರಿ ಸೀಟು. ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದಕ್ಕೆ ಬರೆಯಲು ಆಗುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣುಮಗಳು ಅವಳು.

ಆ ಸೀಟನ್ನು ಇನ್ನೇನು ನಾನೇ ಕಳೆದುಬಿಡುತ್ತಿದ್ದೆ. ಅದನ್ನೂ ಬರೆಯಬೇಕು.

ಅವತ್ತು ಸಂಜೆ ನಾಲ್ಕರೊಳಗೆ ಫೋನಿನಲ್ಲಿ ಕಾಗದ ಕಳಿಸಿ, ಸೀಟು ಒಪ್ಪಿದ್ದೇನೆ ಎಂದು ಒತ್ತಬೇಕಿತ್ತು. ಇಲ್ಲವಾದರೆ ಅದು ಬೇರೆಯವರ ಪಾಲು. ಹುಡುಗಿ ಜಗಳೂರಿನ ಕಾಲೇಜಿಗೆ ಹೋಗಿ ಕಾಗದ ಹಿಡಿದು ನಮ್ಮೂರು ಸೊಕ್ಕೆಗೆ ಬಂದಾಗ ಎರಡೂವರೆ. ಮನೆಯಲ್ಲೇ ವೈಫೈ ಇದೆಯಲ್ಲ ಎಂಬ ಧೈರ್ಯ ಅವಳಿಗೆ. ನಮ್ಮೂರಲ್ಲಿ ಮೊಬೈಲಿನ ಸಿಗ್ನಲ್ಲು ಮಾತಿಗೆ ಸಾಕು, ಕಾಗದ ಕಳಿಸಲು ಸಾಲದು.

ಫೋನು ತೆಗೆದರೆ ವೈಫೈ ಗೆರೆ ಒಂದು ಕಾಣುತ್ತದೆ, ಮಾಯವಾಗುತ್ತದೆ. ವೈಫೈ ಆರಿಸಿ ಹಚ್ಚಿದಳು. ವಿಮಾನದ ಚಿತ್ರ ಒತ್ತಿ ಬಿಟ್ಟಳು. ಫೋನನ್ನೇ ಆರಿಸಿ ಹಚ್ಚಿದಳು. ಹಳೆಯ ಪಾಸ್‌ವರ್ಡ್ ಅಳಿಸಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದನ್ನು ನೋಡಿ ಮತ್ತೆ ಹಾಕಿದಳು. ಸೊಸೆ ಬಾಗಿಲ ಬಳಿಯ ವೈಫೈ ಸ್ವಿಚ್ಚು ಆರಿಸಿ, ಹತ್ತು ಎಣಿಸಿ ಹಾಕಿದಳು. ಏನೂ ಇಲ್ಲ. ಗಂಟೆ ಮೂರೂಕಾಲು.

"ಬಸ್ಸಿಗೆ ಜಗಳೂರಿಗೆ ಹೋಗ್ಬಿಡ್ಲಾ ಅಮ್ಮಾ?"

"ಮೂರರ ಬಸ್ಸು ಹೋಗೈತೆ. ಇನ್ನೊಂದು ನಾಲ್ಕೂವರೆಗೆ."

ನಾನು ದೇವರಿಗೆ ಕೈಮುಗಿದೆ. ಕೊನೆಗೆ ಹುಡುಗಿ ವೈಫೈ ಹಾಕಿಕೊಟ್ಟಿದ್ದ ಕೇಬಲ್‌ನವನಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

"ತಂಗೀ, ವೈಫೈ ಡಬ್ಬಿ ಮೇಲೆ ಹಸಿರು ಲೈಟ್ ಐತೋ, ಕೆಂಪು ಐತೋ?"

ಡಬ್ಬಿ ಇರುವುದು ಒಳಕೋಣೆಯ ಹಲಗೆಯ ಮೇಲೆ, ಪಾತ್ರೆಗಳ ಸಾಲಿನಲ್ಲಿ. ನಾನೇ ಹತ್ತಿರವಿದ್ದೆ.

"ತಾಳಪ್ಪಾ, ಡಬರಿ ಎತ್ತಿ ನೋಡಿ ಹೇಳ್ತೀನಿ" ಎಂದೆ.

"ಯಾವ ಡಬರಿ ಅಜ್ಜೀ?"

"ಅನ್ನ ಮಾಡೋ ಸ್ಟೀಲಿಂದು. ಧೂಳು ಕೂರಬಾರ್ದು ಅಂತ ಮುಚ್ಚೀನಿ."

ಬೆಳಗ್ಗೆ ಅಂಗಳಕ್ಕೆ ಮೆಕ್ಕೆಜೋಳ ಬಿಡಿಸುವ ಮಷಿನ್ನು ಬಂದಿತ್ತು. ಅದು ಬಂದರೆ ಮನೆಯೆಲ್ಲ ಹೊಟ್ಟು, ಧೂಳು. ಹಿಟ್ಟಿನ ಡಬ್ಬ, ಕುಡಿಯುವ ನೀರಿನ ಕೊಡ, ಟಿವಿ ಎಲ್ಲವನ್ನೂ ಮುಚ್ಚುವುದು ನನ್ನ ಕೆಲಸ. ಅಷ್ಟು ಬೆಲೆಯ ಡಬ್ಬಿಯನ್ನು ಬಿಟ್ಟೇನೆಯೇ?

ಅತ್ತ ಅವನು ಬಿದ್ದುಬಿದ್ದು ನಕ್ಕ. "ಅದೇನು ಅನ್ನ ಏನ್ರೀ ಅಜ್ಜೀ, ಆರ್ತೈತಂತ ಮುಚ್ಚಾಕೆ? ಸ್ಟೀಲು ಬೋರಲು ಹಾಕಿದ್ರೆ ವೈಫೈ ಹೊರಗೆ ಹೆಂಗೆ ಬರ್ಬೇಕು? ತೆಗೀರಿ ಮೊದ್ಲು!"

ಡಬರಿ ಎತ್ತಿದೆ. ಹಸಿರು ದೀಪ ಮಿಣುಕುತ್ತಿತ್ತು. ಹೊರಗಿನಿಂದ ಹುಡುಗಿ ಕೂಗಿದಳು: "ಬಂತು ಅಜ್ಜೀ! ಗೆರೆ ಪೂರ್ತಿ ಬಂತು!"

ಮೂರು ಮುಕ್ಕಾಲಿಗೆ ಕಾಗದ ಹೋಯಿತು, ಸೀಟು ಅವಳದಾಯಿತು. ನಾನು ಡಬರಿ ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟೆ. ಅವಳು ಬೈಯುತ್ತಾಳೆ ಎಂದುಕೊಂಡರೆ, ಬಂದು ನನ್ನ ಸೆರಗಿನಲ್ಲೇ ಕಣ್ಣೊರೆಸಿಕೊಂಡಳು.

"ಅತ್ತೇ, ಇನ್ಮೇಲೆ ನೀವು ಮುಚ್ಚೋಕೆ ಮುಂಚೆ ನನ್ನ ಕೇಳ್ರಿ" ಎಂದಳು ಸೊಸೆ. ಅಷ್ಟೇ. ಇಂಥ ಸೊಸೆಯನ್ನು ಕೊಟ್ಟವರು ತಣ್ಣಗಿರಲಿ. ಆ ಕೇಬಲ್‌ನವನೂ ತಣ್ಣಗಿರಲಿ. ಕೆಲಸ ಬಿಟ್ಟು ನಮ್ಮ ಜೊತೆ ಮಾತಾಡಿದ.

ಸಂಜೆ ಮಗ ಮೆಕ್ಕೆಜೋಳದ ಲೋಡು ಇಳಿಸಿ ಬಂದ. ಸುದ್ದಿ ಕೇಳಿ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತ. ಸೊಸೆ ಶಾವಿಗೆ ಪಾಯಸ ಮಾಡಿದಳು. ಯಾವಾಗಲೂ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳನ್ನು ಅವತ್ತು ನಾನು ಕೈಹಿಡಿದು ಎಳೆದು ಕೂರಿಸಿದೆ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು, ಬೇಕಾದಷ್ಟು ಬಡಿಸಿಕೊಂಡು, ನಾಲ್ವರೂ ಒಟ್ಟಿಗೆ ಉಂಡೆವು.