ಎತ್ತಿ ಕುಡಿದ ಶುಂಠಿ ಬಿಯರ್

ಆ ಬೆಳಿಗ್ಗೆ ಹಾಲಿನವಳು ಬರುವ ಮುಂಚೆಯೇ ನಾನು ರೊಟ್ಟಿ ಬಡಿದು ಮುಗಿಸಿದ್ದೆ. ಯಜಮಾನರು ತಾಲ್ಲೂಕು ಕಚೇರಿಗೆ ಹೋಗುವವರು. ಬುತ್ತಿಯಲ್ಲಿ ಮೊಸರು ಚೆಲ್ಲಿದರೆ ಫೈಲುಗಳೆಲ್ಲ ಹುಳಿ ವಾಸನೆ ಹೊಡೆಯುತ್ತವೆ ಎಂದು ಗೊಣಗುತ್ತಿದ್ದರು. ಅದಕ್ಕೆ ಡಬ್ಬಿಯ ಬಾಯಿಗೆ ಬಾಳೆಎಲೆಯ ಚೂರು ಇಟ್ಟು ಮುಚ್ಚಳ ಒತ್ತಿದೆ. ಅಂಗಳಕ್ಕೆ ನೀರು ಹಾಕಿ ಸಣ್ಣದೊಂದು ರಂಗೋಲಿ ಎಳೆದೆ. ಎಲ್ಲ ದಿನದಂತೆಯೇ. ಆದರೆ ಅಂದು ನಾನೂ ಎಂಟೂವರೆಯ ಸೊರಬದ ಬಸ್ಸು ಹಿಡಿಯಬೇಕಿತ್ತು.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಮಹಿಳಾ ಮಂಡಳಿಯ ಪುಟ್ಟ ಅಂಗಡಿ ಇತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುತ್ತಿದ್ದೆವು. ಕೆಲಸಕ್ಕೆ ನಿಲ್ಲುತ್ತಿದ್ದವರು ಮೂವರು. ದೊಡ್ಡ ಒಕ್ಕಲುಮನೆಯ ಹಿರಿಯ ಹೆಂಗಸಾದ ಅಧ್ಯಕ್ಷೆ, ಬಾಯಿ ಬಲು ಚುರುಕಾದ ಅಕ್ಕಿ ವ್ಯಾಪಾರದ ಮನೆಯ ಸೊಸೆ, ಮತ್ತೆ ನಾನು. ಅಂಗಡಿಗೆ ಹೊಸ ಪದಾರ್ಥ ಏನೇ ತರಬೇಕಾದರೂ ಅದನ್ನು ಮಾಡುವವರ ಮನೆಗೇ ಹೋಗಿ ಮೂವರೂ ರುಚಿ ನೋಡಬೇಕು, ಮೂವರೂ ಒಪ್ಪಬೇಕು ಎನ್ನುವುದು ಅಧ್ಯಕ್ಷೆಯ ಕಟ್ಟುನಿಟ್ಟು.

ನಾವು ಹೊರಟಿದ್ದು ಸೊರಬದಲ್ಲಿ ಸೋಡಾ ಮಾಡುವ ಒಬ್ಬಳ ಮನೆಗೆ. ನನ್ನ ತವರಿನ ಬೀದಿಯವಳು. ಗಂಡ ತೀರಿಕೊಂಡ ಮೇಲೆ ಗೋಲಿ ಸೋಡಾದ ಮಿಷನ್ ಅವಳೇ ತಿರುಗಿಸುತ್ತಿದ್ದಳು. ಅಂಗಡಿಗಳ ಐಸ್‌ಪೆಟ್ಟಿಗೆಗೆ ಬಣ್ಣದ ಕೋಲಾಗಳು ಬಂದು ಕೂತಮೇಲೆ ಗೋಲಿ ಸೋಡಾ ಕೇಳುವವರು ಇಲ್ಲವಾದರು. ಆಗ ನಾನು ಅವಳಿಗೆ ಶುಂಠಿ ಬಿಯರ್ ಮಾಡುವುದನ್ನು ಹೇಳಿಕೊಟ್ಟಿದ್ದೆ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರುಗಳು ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದರು. ಜಜ್ಜಿದ ಶುಂಠಿ, ಬೆಲ್ಲ, ನೀರು. ಜಾಡಿಯಲ್ಲಿ ಎರಡು ದಿನ ಹುದುಗಲು ಬಿಡುವುದು, ಅಷ್ಟೇ. ಅವಳು ಅದನ್ನು ಗೋಲಿ ಬಾಟಲಿಗೆ ತುಂಬಿ ತನ್ನ ಮಿಷನ್‌ಗೆ ಹಾಕಿ ಇನ್ನಷ್ಟು ಗ್ಯಾಸ್ ಹಿಡಿಸುತ್ತಿದ್ದಳು. “ಮಂಡಳಿಯೋರು ತಗಂಡ್ರೆ ಸರಿ, ಇಲ್ಲಾಂದ್ರೆ ಮಿಷನ್ ಗುಜರಿಗೆ ಕೊಡ್ತೀನಿ. ಶಿರಾಳಕೊಪ್ಪದೋನು ಬಂದು ನೋಡ್ಕಂಡು ಹೋಗ್ಯಾನೆ” ಎಂದು ಹಿಂದಿನ ವಾರ ಹೇಳಿ ಕಳಿಸಿದ್ದಳು.

ನಾವು ಹೋದಾಗ ಬಾಟಲಿಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿಟ್ಟಿದ್ದಳು. ಚಾಪೆ ಹಾಸಿ, ಮುಖ ಕಾಣುವಷ್ಟು ತಿಕ್ಕಿದ ಮೂರು ಸ್ಟೀಲ್ ಲೋಟ ತಂದಿಟ್ಟಳು. ಬರಿ ಶುಂಠಿಯದು, ಅನಾನಸ್ ಹಾಕಿದ್ದು, ನಿಂಬೆಹುಳಿ ಹಿಂಡಿದ್ದು ಎಂದು ಮೂರು ತರಹ ಮಾಡಿದ್ದಳು.

“ಹುಳಿ ಬಂದದ್ದನ್ನ ಕುಡಿದು ಬಸ್ ಹತ್ತೂದು ಹ್ಯಾಂಗವ್ವಾ?” ಅಧ್ಯಕ್ಷೆ ಕೇಳಿದರು.

“ಇಡ್ಲಿ ಹಿಟ್ಟಿಗೂ ಹುಳಿ ಬರ್ತದಲ್ಲಮ್ಮ. ಇಡ್ಲಿ ತಿಂದು ಯಾರಾರ ಬಿದ್ದಾರಾ?” ಎಂದು ಅವಳು ಗೋಲಿ ಒತ್ತಿದಳು. ನೊರೆ ಲೋಟದ ಅಂಚಿನವರೆಗೆ ಏರಿತು.

ಅಧ್ಯಕ್ಷೆ ಲೋಟವನ್ನು ಗೇಣೆತ್ತರ ಎತ್ತಿ, ತುಟಿಗೆ ಹನಿಯೂ ತಾಗದಂತೆ ಗಟಗಟ ಹೊಯ್ದುಕೊಂಡರು. ಸೊಸೆಯೂ ಹಾಗೆಯೇ. ನಾನೂ ಹಾಗೆಯೇ.

“ಶುಂಠಿ ಕಷಾಯ ಆರಿಸಿ ಇಟ್ಟಂಗೈತಿ” ಎಂದರು ಅಧ್ಯಕ್ಷೆ.

“ಗ್ಯಾಸ್ ಎಲ್ಲೈತ್ರಿ? ಮಿಷನ್ ಒಳಗೇ ಉಳೀತೇನು?” ಎಂದಳು ಸೊಸೆ.

ಅನಾನಸಿನದನ್ನು ಕುಡಿಯುವಾಗ ಅವಳ ಮೂಗಿಗೆ ನೊರೆ ಏರಿ ಕೆಮ್ಮು ಬಂತು. ನಿಂಬೆಯದಕ್ಕೆ ಅಧ್ಯಕ್ಷೆ ಬೇಡವೆಂಬಂತೆ ತಲೆ ಆಡಿಸಿದರು. ಸೋಡಾದವಳು ಒಂದು ಬಾಟಲಿಯ ಒಣಗಿದ ಜಾಗವನ್ನೇ ಮತ್ತೆ ಮತ್ತೆ ಸೆರಗಿನಿಂದ ಒರೆಸುತ್ತಿದ್ದಳು.

ನಾನು ನನ್ನ ಲೋಟದೊಳಗೆ ನೋಡಿದೆ. ಅರ್ಧ ಉಳಿದಿತ್ತು. ತಳದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಗ್ಯಾಸ್ ಇಲ್ಲದಿದ್ದರೆ ಇವು ಎಲ್ಲಿಂದ ಬಂದವು? ಸ್ವಲ್ಪ ಮಗ್ಗುಲಾಗಿ ತಿರುಗಿ ಲೋಟಕ್ಕೆ ತುಟಿ ಹಚ್ಚಿದೆ. ನಾಲಿಗೆಯ ಮೇಲೆ ಚುರ್ ಎಂದಿತು. ಆಮೇಲೆ ಬೆಲ್ಲ, ಅದರ ಹಿಂದೆಯೇ ಗಂಟಲಿಗೆ ಇಳಿಯುವ ಶುಂಠಿಯ ಬಿಸಿ. ಎಷ್ಟೋ ವರ್ಷಗಳ ಮೇಲೆ ಹಾಸ್ಟೆಲಿನ ಅದೇ ರುಚಿ. ಮದುವೆಯಾಗಿ ಬಂದಮೇಲೆ ನಾಲ್ಕು ಜನರ ಎದುರು ನಾನು ಹೀಗೆ ಕುಡಿದದ್ದೇ ಇರಲಿಲ್ಲ.

“ಅಕ್ಕಾರೆ, ಇದನ್ನ ಕಚ್ಚಿ ಕುಡೀಬೇಕ್ರಿ” ಎಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಎಂಜಲು ಮಾಡ್ಕೊಂಡಾ?” ಅಧ್ಯಕ್ಷೆ ಹುಬ್ಬೇರಿಸಿದರು.

“ಎತ್ತಿ ಹೊಯ್ಕೊಂಡ್ರೆ ಗ್ಯಾಸೆಲ್ಲ ಗಾಳಿಗೇ ಹೋಗ್ತೈತ್ರಿ. ನಮ್ಮ ಬಾಯಿಗೆ ಬರೋದು ಬರೀ ನೀರು.”

“ಕಾನ್ವೆಂಟಿನಾಗೆ ಕಲಿಸಿದ್ದು ಇದನ್ನೇನ್ರಿ?” ಸೊಸೆ ನಕ್ಕಳು.

“ಹೊಲಿಗೇನೂ ಕಲಿಸಿದ್ರು. ಅದು ನನಗೆ ಬರಲಿಲ್ಲ” ಎಂದೆ.

ಸೋಡಾದವಳು ಮೆಲ್ಲಗೆ, “ಲೋಟಾನ ಆಮೇಲೆ ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳಿತೀನಮ್ಮ” ಎಂದು ಇನ್ನೊಂದು ಗೋಲಿ ಒತ್ತಿದಳು.

ಅಧ್ಯಕ್ಷೆ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿ, ಲೋಟಕ್ಕೆ ಸೆರಗು ಮರೆಮಾಡಿಕೊಂಡು, ಹೊಸ ಮದುವಣಗಿತ್ತಿಯಂತೆ ಒಂದು ಗುಟುಕು ಕುಡಿದರು. ಮತ್ತೊಂದು. ಮೂರನೆಯದಕ್ಕೆ ಉದ್ದನೆಯದೊಂದು ತೇಗು ಬಂತು.

“ಹೂಂ. ಈಗ ಗೊತ್ತಾತು” ಎಂದರು.

ಆಮೇಲೆ ಮೂರನ್ನೂ ಮೊದಲಿನಿಂದ ಕುಡಿದೆವು, ಅವಸರವಿಲ್ಲದೆ. ಅನಾನಸಿನದಕ್ಕೆ ಬೆಲ್ಲ ಜಾಸ್ತಿ, ನಿಂಬೆಯದು ಬೇಡವೇ ಬೇಡ, ಶುಂಠಿಯದು ಇದ್ದ ಹಾಗೇ ಇರಲಿ ಎಂದಾಯಿತು. ಸೊಸೆ ಶುಂಠಿಯದನ್ನು ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದು ಎರಡು ಸಲ ಹೇಳಿದಳು.

ಆದರೂ ಅಧ್ಯಕ್ಷೆಗೆ ಅನುಮಾನ ಹೋಗಿರಲಿಲ್ಲ. “ನಾವೇನೋ ಮನಿ ಒಳಗ ಕೂತು ಕುಡಿದ್ವಿ. ಶಿಕಾರಿಪುರದಾಗೆ ಯಾವ ಹೆಣ್ಮಗಳು ಕಚ್ಚಿ ಕುಡಿತಾಳೆ? ಮೊದ್ಲು ಒಂದು ಕ್ರೇಟ್ ಕಳಿಸವ್ವಾ. ಖರ್ಚಾದ್ರೆ ವಾರವಾರ ತಗೊಳ್ಳೋಣು. ಇಲ್ಲಾಂದ್ರೆ ನಿನ್ನ ಮಿಷನ್ ನಿನ್ನಿಷ್ಟ.”

ಸೋಡಾದವಳು ತಲೆಯಾಡಿಸಿದಳು. ಹೊರಡುವಾಗ ಎರಡು ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದೆ. ತಂಪು ಸೀರೆಯ ಒಳಗೆ ಇಳಿಯುತ್ತಿತ್ತು. ಕಿಟಕಿಯ ಗಾಳಿಗೆ ಅಧ್ಯಕ್ಷೆ ನಿದ್ದೆಹೋದರು. “ಬಿಯರಿನ ಪ್ರಭಾವ ನೋಡ್ರಿ” ಎಂದು ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. “ನಿದ್ದಿ ಬಂದಿಲ್ಲ ನಂಗ” ಎಂದರು ಅಧ್ಯಕ್ಷೆ, ಕಣ್ಣು ತೆರೆಯದೆ.

ಸಂಜೆ ಪಕ್ಕದ ಮನೆಯಾಕೆ ಕರಿಬೇವು ಕೇಳಿಕೊಂಡು ಹಿತ್ತಿಲ ಬಾಗಿಲಿಗೆ ಬಂದರು. ಮಡಿ, ಮೈಲಿಗೆ ಎಂದು ಇಡೀ ಬೀದಿಗೆ ಬುದ್ಧಿ ಹೇಳುವವರು. ಇವರಿಗಿಂತ ಕಷ್ಟದ ಪರೀಕ್ಷೆ ಊರಲ್ಲಿ ಇನ್ನೊಂದಿಲ್ಲ ಎಂದುಕೊಂಡು ಲೋಟಕ್ಕೆ ಹೊಯ್ದು ಕೊಟ್ಟೆ. ಹೇಗೆ ಕುಡಿಯಬೇಕೆಂದೂ ಹೇಳಿದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಬಾಗಿಲ ಮೆಟ್ಟಿಲ ಮೇಲೆ ಕೂತರು. ನಾನು ಕರಿಬೇವು ಕೀಳಲು ಗಿಡದ ಕಡೆ ಹೋದೆ. ತಿರುಗಿ ಬರುವಷ್ಟರಲ್ಲಿ ಲೋಟ ಖಾಲಿಯಾಗಿತ್ತು, ಅಂಚಿನಲ್ಲಿ ತುಟಿಯ ಗುರುತಿತ್ತು.

ಕರಿಬೇವನ್ನು ಸೆರಗಿಗೆ ಹಾಕಿಕೊಂಡು ಏಳುತ್ತಾ ಅವರು ಹೇಳಿದರು: “ನಾಡಿದ್ದು ನಮ್ಮ ಬೀಗರು ಬರ್ತಾರ್ರಿ. ಇಂಥವು ಆರು ತೆಗೆದಿಡ್ರಿ, ಲೋಟ ನಮ್ಮನೇವು ಅದಾವು.”